ವಿಕ್ಟೋರಿಯನ್ ಮಾದರಿಯ ಮದುವೆ ಗೌನ್ ಮನೆಯಲ್ಲೇ ಹೊಲಿಯಬಹುದಾ? ಮಂಗಳೂರಿನ ಸೆಕೆಗೆ ಆಗ್ತದಾ?

ಬಿಜೈ_ಸೂಜಿ:
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳಿಗೆ ಜನವರಿಯಲ್ಲಿ ಮದುವೆ. ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ, ಸಂಜೆ ಹಾಲ್‌ನಲ್ಲಿ ರಿಸೆಪ್ಶನ್. ಅವಳಿಗೆ ರೆಡಿಮೇಡ್ ಗೌನ್ ಬೇಡವಂತೆ, ಬಾಡಿಗೆಯದ್ದಂತೂ ಬೇಡವೇ ಬೇಡವಂತೆ. ಫೋನಿನಲ್ಲಿ ಹಳೇ ಚಿತ್ರಗಳನ್ನು ತೋರಿಸಿ "ಆಂಟಿ, ಹೀಗೆ ವಿಕ್ಟೋರಿಯನ್ ಥರ ಹೊಲಿದು ಕೊಡಿ" ಅಂತ ಹಟ ಹಿಡಿದಿದ್ದಾಳೆ. ಕುತ್ತಿಗೆಯವರೆಗೆ ಲೇಸ್, ಪಫ್ ಕೈ, ಸಪೂರ ಸೊಂಟ, ಕೆಳಗೆ ಇಷ್ಟಗಲ ಲಂಗ, ಹಿಂದೆ ಉದ್ದಕ್ಕೆ ಎಳೆದುಕೊಂಡು ಬರುವ ಟ್ರೇಲ್.

ನಾನು ಬ್ಲೌಸ್, ಚೂಡಿದಾರ್, ಮಕ್ಕಳ ಫ್ರಾಕ್ ಹೊಲಿಯುವವಳು. ಕೈ ಕೆಲಸಕ್ಕೆ ಹೆದರುವುದಿಲ್ಲ. ಆದರೆ ಮೂರು ವಿಷಯ ತಲೆಗೆ ಹೋಗ್ತಾ ಇಲ್ಲ. ಬಟ್ಟೆ ಯಾವುದು ತೆಗೆಯುವುದು? ಪಾಲಿಯೆಸ್ಟರ್ ಸ್ಯಾಟಿನ್ ಒಂದು ತುಂಡು ತಂದು ನೋಡಿದೆ, ಟ್ಯೂಬ್‌ಲೈಟಿನ ಕೆಳಗೆ ಹೊಸ ಸ್ಟೀಲ್ ತಟ್ಟೆ ಹಾಗೆ ಹೊಳೀತದೆ. ಲಂಗ ಅಷ್ಟಗಲ ನಿಲ್ಲುವುದು ಹೇಗೆ? ಆಮೇಲೆ, ಸೊಂಟ ಬಿಗಿಯುವ ಕಾರ್ಸೆಟ್ ಕಟ್ಟಲೇಬೇಕಾ? ಹುಡುಗಿ ಊಟ ಮಾಡ್ಬೇಕು ಮಾರಾಯ್ರೆ.

ಕಾಮೆಂಟ್_ಕಾಕಾ:
ಸಾದೊ ಸೀರೆ ಉಡ್ಸಿ, ಕೆಲಸ ಮುಗೀತು. ಬ್ರಿಟಿಷರು ಹೋಗಿ 75 ವರ್ಷ ಮೇಲಾಯ್ತು.

ಬಿಜೈ_ಸೂಜಿ:
ಕಾಕಾ, ಸಾದೊ ಉಡುವುದು ಉಂಟು, ಅದು ಬೇರೆ. ಕೆಂಪು ಸೀರೆ ವರನ ಕಡೆಯಿಂದ ಬರ್ತದೆ. ನಾನು ಕೇಳಿದ್ದು ಬಿಳಿ ಗೌನಿನ ವಿಷಯ.

ಹಳೇ_ಪೆಟ್ಟಿಗೆ:
ಮೊದಲು ಒಂದು ಮಾತು ಇತ್ಯರ್ಥ ಆಗಬೇಕು: ಯಾವ ವಿಕ್ಟೋರಿಯನ್? ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ ಅವಧಿಯಲ್ಲಿ ಲಂಗದ ಆಕಾರ ನಾಲ್ಕೈದು ಸಲ ಪೂರ್ತಿ ಬದಲಾಗಿದೆ. 1840ರ ದಶಕದಲ್ಲಿ ಬಿಗಿ ತೋಳು, ಇಳಿಭುಜ, ಸುತ್ತಲೂ ತುಂಬಿದ ಲಂಗ. 1856ರ ನಂತರ ಉಕ್ಕಿನ ಬಳೆಗಳ ಒಳಲಂಗ, ಅಂದರೆ ಕ್ರಿನೋಲಿನ್, ಬಂದು ಲಂಗ ಹಿಗ್ಗಿತು. 1870ರ ದಶಕಕ್ಕೆ ಆ ದಪ್ಪವೆಲ್ಲ ಹಿಂದಕ್ಕೆ ಸರಿದು ಬಸಲ್ ಆಯಿತು. ನಿಮ್ಮ ಹುಡುಗಿ ಕೇಳಿದ ದೊಡ್ಡ ಪಫ್ ಕೈ, ಎತ್ತರದ ಕಾಲರ್ ಎರಡೂ 1890ರ ದಶಕದ್ದು. ಆಗ ಲಂಗ ಸೊಂಟದ ಹತ್ತಿರ ಚಪ್ಪಟೆ, ಕೆಳಗೆ ಮಾತ್ರ ಅಗಲ. ಪಫ್ ಕೈ, ಕಾಲರ್, ಕ್ರಿನೋಲಿನ್ ಮೂರನ್ನೂ ಸೇರಿಸಿದರೆ ನಾಟಕದ ಕಂಪನಿಯ ವೇಷ ಆಗುತ್ತದೆ. ಒಂದು ದಶಕ ಹಿಡಿಯಿರಿ.

ಹುಬ್ಬಳ್ಳಿ_ಹುಡುಗಿ:
ಅಯ್ಯ, "ವಿಕ್ಟೋರಿಯನ್ ಥರ" ಅಂದಾಳ ಹೊರತು ಮ್ಯೂಸಿಯಂನಾಗ ಇಡೂದಕ್ಕ ಅಂದಿಲ್ಲಲ್ರಿ. ಮದುವಿ ಹುಡುಗಿಗೆ ಏನ್ ಬೇಕೋ ಅದನ್ನ ಹಾಕ್ಕೊಳ್ಳಲಿ ಬಿಡ್ರಿ.

ಹಳೇ_ಪೆಟ್ಟಿಗೆ:
ಹಾಕಿಕೊಳ್ಳಲಿ, ಯಾರು ಬೇಡ ಅಂದರು? ಆದರೆ ಆಕಾರ ನಿಲ್ಲುವುದು ಒಳಗಿನ ರಚನೆಯಿಂದ. ಯಾವ ಆಕಾರ ಅಂತ ಗೊತ್ತಿಲ್ಲದಿದ್ದರೆ ಒಳಗೆ ಏನು ಹೊಲಿಯುತ್ತೀರಿ?

ಮಾಸ್ಟರ್_ಕಟಿಂಗ್:
ಪೆಟ್ಟಿಗೆ ಸಾಹೇಬ್ರು ಹೇಳಿದ್ದು ಸರಿ ಇದೆ. ಚಿಕ್ಕಪೇಟೆ ಹತ್ರ ಬಹಳ ಕಾಲದಿಂದ ಅಂಗಡಿ ಇಟ್ಕೊಂಡಿದೀನಿ, ಕ್ರಿಶ್ಚಿಯನ್ ಮದುವೆ ಗೌನ್ ಬರ್ತಾನೇ ಇರ್ತವೆ. ಎಲ್ರೂ ಮೇಲಿನ ಲೇಸ್‌ಗೆ ದುಡ್ಡು ಸುರೀತಾರೆ, ಒಳಗೆ ಒಂದು ತೆಳ್ಳನೆ ಲೈನಿಂಗ್ ಹಾಕಿ ಬಿಡ್ತಾರೆ. ಮಧ್ಯಾಹ್ನದ ಹೊತ್ತಿಗೆ ಗೌನ್ ಜೋತು ಬಿದ್ದಿರುತ್ತೆ.

ಅಮ್ಮಾ, ನನ್ನ ಮಾತು ಕೇಳಿ. ಮೊದ್ಲು ಕೋರಾ ಕಾಟನ್‌ನಲ್ಲಿ ಪೂರ್ತಿ ಮೇಲ್ಭಾಗ ಹೊಲಿದು ಹುಡುಗಿ ಮೈಮೇಲೇ ಸರಿ ಮಾಡ್ಕೊಳ್ಳಿ. ಅದೇ ಬಿಚ್ಚಿದ್ರೆ ನಿಮ್ಮ ಪ್ಯಾಟರ್ನ್. ಆಮೇಲೆ ರೇಷ್ಮೆಯ ಪ್ರತಿ ತುಂಡಿಗೂ ಅದೇ ಅಳತೆಯ ಕಾಟನ್ ತುಂಡು ಹಿಂದೆ ಇಟ್ಟು, ಅಂಚಿಗೆ ಕಚ್ಚಾ ಹೊಲಿಗೆ ಹಾಕಿ, ಎರಡೂ ಸೇರಿ ಒಂದೇ ಬಟ್ಟೆ ಅನ್ಕೊಂಡು ಹೊಲೀರಿ. ಲೈನಿಂಗ್ ಬೇರೆ ಚೀಲದ ಥರ ನೇತಾಡಬಾರದು. ಆ ಕಾಲದ ರವಿಕೆಗಳನ್ನೂ ಹೀಗೇ ಹೊಲೀತಿದ್ರು. ಜೋಡಣೆಗಳ ಮೇಲೆ ಪಟ್ಟಿ ಹಾಕಿ ಅದರೊಳಗೆ ಬೋನಿಂಗ್, ಅಂದ್ರೆ ಬಟ್ಟೆ ನೆಟ್ಟಗೆ ನಿಲ್ಲಿಸೋ ಗಟ್ಟಿ ಕಡ್ಡಿ, ತೂರಿಸಿ. ಬೆವರು ರೇಷ್ಮೆಗೆ ಹೋಗೋ ಮುಂಚೆ ಕಾಟನ್ ಹೀರ್ಕೊಳ್ಳುತ್ತೆ, ನಿಮ್ಮ ಮಂಗಳೂರಿಗೆ ಇದು ಮುಖ್ಯ.

ಬಿಜೈ_ಸೂಜಿ:
ಮಾಸ್ಟ್ರೆ, ಬೋನಿಂಗ್‌ಗೆ ಎಂತ ಹಾಕುವುದು? ಇಲ್ಲಿನ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿ ಬಗ್ಗಿ ಹೋಗ್ತದೆ.

ಕುಂದಾಪ್ರ_ಕುವರ:
ಎಲೆಕ್ಟ್ರಿಕಲ್ ಅಂಗಡಿಯ ದಪ್ಪ ಕೇಬಲ್ ಟೈ! ತಮಾಷೆ ಅಲ್ಲ, ನಾಟಕದ ಉಡುಪು ಮಾಡುವವರು ಅದನ್ನೇ ಬಳಸ್ತಾರೆ. ತಲೆ ಕತ್ತರಿಸಿ, ತುದಿಯನ್ನು ಉಜ್ಜಿ ಗುಂಡಗೆ ಮಾಡಿ. ಇಲ್ಲದಿದ್ದರೆ ಬಟ್ಟೆ ಹರಿದುಕೊಂಡು ಹೊರಗೆ ಬರ್ತದೆ.

ಮಾಸ್ಟರ್_ಕಟಿಂಗ್:
ನಾನೂ ಹಾಕಿದೀನಿ. ಕೆಲ್ಸ ಮಾಡುತ್ತೆ. ಆ ಕಾಲದಲ್ಲಿ ತಿಮಿಂಗಿಲದ ಬಾಯೊಳಗಿನ ಪಟ್ಟಿ ಸೀಳಿ ಹಾಕ್ತಿದ್ರು, ನಮ್ಮದು ಕೇಬಲ್ ಟೈ. ಯಾರಿಗೆ ಕಾಣುತ್ತೆ?

ಕಾಮೆಂಟ್_ಕಾಕಾ:
ವರ ತಬ್ಬಿಕೊಂಡಾಗ ಗೊತ್ತಾಗತ್ತೆ 😄

ನಾಟಿಂಗ್‌ಹ್ಯಾಮ್_ಕನ್ನಡತಿ:
ಕಾರ್ಸೆಟ್ ವಿಷಯ ಯಾರೂ ಉತ್ತರಿಸಲಿಲ್ಲ. ಬೇಕಾಗಿಲ್ಲ ಅಕ್ಕ. ಸೊಂಟ ಸಣ್ಣ ಕಾಣಬೇಕಾದರೆ ಸೊಂಟವನ್ನೇ ಹಿಂಡಬೇಕಂತಿಲ್ಲ, ಅದರ ಕೆಳಗೆ ಮೇಲೆ ತುಂಬಿಸಿದರೂ ಆಯಿತು. 2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂನನ್ನು ಮದುವೆಯಾದಾಗ ಕೇಟ್ ಮಿಡಲ್‌ಟನ್ ಉಟ್ಟ ಗೌನ್ ನೋಡಿ. ಸಾರಾ ಬರ್ಟನ್ ವಿನ್ಯಾಸ ಮಾಡಿದ್ದು. ಅದರ ಮೇಲ್ಭಾಗ ವಿಕ್ಟೋರಿಯನ್ ಕಾರ್ಸೆಟ್ ಸಂಪ್ರದಾಯದಿಂದ ಬಂದದ್ದೇ: ನಡು ಕಿರಿದು, ಇಕ್ಕೆಲದಲ್ಲಿ ಸೊಂಟಕ್ಕೆ ಒಳಗಿನಿಂದ ಸ್ವಲ್ಪ ಪ್ಯಾಡಿಂಗ್. ಬೆನ್ನಿಗೆ ಬಟ್ಟೆ ಹೊದಿಸಿದ 58 ಗುಂಡಿ, ಕಾಜಾ ಬದಲು ಬಟ್ಟೆಯ ಸಣ್ಣ ಕುಣಿಕೆ. ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನವರು ಲೇಸ್ ಹೂಗಳನ್ನು ಒಂದೊಂದೇ ಕತ್ತರಿಸಿ ನೆಟ್ ಮೇಲೆ ಕೈಯಲ್ಲಿ ಕೂರಿಸಿದರು. ಕೊಳೆ ತಾಗಬಾರದು ಅಂತ ಅರ್ಧ ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದರಂತೆ, ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರಂತೆ.

ನಿಮ್ಮ ಗೌನಿನ ಒಳಗೆ ಸೊಂಟದ ಸುತ್ತಳತೆಗೆ ಸರಿಯಾಗಿ ಒಂದು ಗಟ್ಟಿ ಟೇಪ್ ಹೊಲಿದು, ಹಿಂದೆ ಹುಕ್ಕು ಹಾಕಿ. ಗುಂಡಿ ಹಾಕುವ ಮೊದಲು ಒಳಗಿನ ಈ ಹುಕ್ಕು ಹಾಕಬೇಕು. ಲಂಗದ ಭಾರವೆಲ್ಲ ಆ ಟೇಪಿನ ಮೇಲೆ ನಿಲ್ಲುತ್ತದೆ, ಭುಜದಿಂದ ಜಗ್ಗುವುದಿಲ್ಲ. ಊಟಕ್ಕೂ ತೊಂದರೆ ಇಲ್ಲ.

ಹುಬ್ಬಳ್ಳಿ_ಹುಡುಗಿ:
ಮೂರು ತಾಸಿಗೊಮ್ಮೆ ಸೂಜಿ ಬದಲೀನಾ! ನಮ್ಮವ್ವ ಒಂದ ಸೂಜಿನಾಗ ಇಡೀ ಓಣಿ ಕೌದಿ ಹೊಲದಾಳ.

ಚಿಕ್ಕಪೇಟೆ_ರಾಯ:
ಬಟ್ಟೆ ವಿಷಯಕ್ಕೆ ಬರ್ತೀನಿ. ನಮ್ಮ ಮೈಸೂರು ಸಿಲ್ಕ್ ಇರುವಾಗ ಯಾಕೆ ಬೇರೆ ಯೋಚನೆ? 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ, ಅಪ್ಪಟ ರೇಷ್ಮೆ. ಬಿಳಿ ಬಣ್ಣದ್ದು ತೆಗೆದು ಹೊಲಿಸಿ, ಹೆಮ್ಮೆಯ ವಿಷಯ.

ಮಾಸ್ಟರ್_ಕಟಿಂಗ್:
ರಾಯ್ರೇ, ಹೆಮ್ಮೆ ಸರಿ, ಲಂಗ ನಿಲ್ಲಲ್ಲ. ಮೈಸೂರು ಸಿಲ್ಕ್ ಕ್ರೇಪ್. ನೂಲಿಗೆ ಜಾಸ್ತಿ ಹುರಿ ಕೊಟ್ಟಿರ್ತಾರೆ, ಅದಕ್ಕೇ ಅದು ಮೈಗೆ ಅಂಟಿ ಇಳಿಯುತ್ತೆ. ಸೀರೆಗೆ ಅದೇ ಅದರ ಗುಣ. ಈ ಗೌನ್‌ಗೆ ಗರಿಗರಿ ನಿಲ್ಲೋ ಬಟ್ಟೆ ಬೇಕು. ಟಾಫೆಟಾ ಸಿಕ್ಕಿದ್ರೆ ಮೊದಲ ಆಯ್ಕೆ, ಇಲ್ಲಾಂದ್ರೆ ಬೆಂಗಳೂರಿನ ಡುಪಿಯಾನ್.

ಹಳೇ_ಪೆಟ್ಟಿಗೆ:
ಡುಪಿಯಾನ್‌ನಲ್ಲಿ ಉದ್ದಕ್ಕೂ ಗಂಟುಗಂಟು ಎಳೆ ಕಾಣುತ್ತದಲ್ಲ. ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡಿನ ನೂಲಿನಿಂದ ಬರುವುದು ಅದು. ವಿಕ್ಟೋರಿಯನ್ ಕಾಲದವರಿಗೆ ಅದು ನೇಯ್ಗೆಯ ದೋಷ. ರಾಣಿ ಉಟ್ಟದ್ದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದ ನುಣುಪು ಸ್ಯಾಟಿನ್.

ಮಾಸ್ಟರ್_ಕಟಿಂಗ್:
ರಾಣಿಗೆ ದುಡ್ಡಿತ್ತು ಸ್ವಾಮಿ. ಡುಪಿಯಾನ್‌ನಲ್ಲೂ ಗಂಟು ಕಮ್ಮಿ ಇರೋ ಥಾನು ಸಿಗುತ್ತೆ, ಹಗಲು ಬೆಳಕಲ್ಲಿ ಬಿಡಿಸಿ ನೋಡಿ ತಗೋಬೇಕು ಅಷ್ಟೇ.

ಅಮ್ಮಾ, ಲೆಕ್ಕ ಹೇಳ್ತೀನಿ. 44 ಇಂಚು ಪನ್ನದ ಬಟ್ಟೆ. ಲಂಗಕ್ಕೆ ನಾಲ್ಕು ಪನ್ನ ಸೇರಿಸಿದ್ರೆ ಸುತ್ತಳತೆ ಹೆಚ್ಚುಕಮ್ಮಿ ನಾಲ್ಕೂವರೆ ಮೀಟರ್ ಆಗುತ್ತೆ. ಎತ್ತರ, ಮಡಿಕೆ ಸೇರಿ ಪನ್ನಕ್ಕೆ 1.2 ಮೀಟರ್ ಹಿಡೀರಿ. ರವಿಕೆ, ಕೈ, ಪೈಪಿಂಗ್ ಎಲ್ಲ ಸೇರಿ 9 ಮೀಟರ್. ಟ್ರೇಲ್ ಬೇರೆ. ಒಂದೇ ಥಾನಿನಿಂದ ತಗೊಳ್ಳಿ, ಬಿಳೀಲೂ ಬಣ್ಣ ವ್ಯತ್ಯಾಸ ಬರುತ್ತೆ.

ಬಿಜೈ_ಸೂಜಿ:
ಬಿಳಿಯೋ ಕೆನೆ ಬಣ್ಣವೋ ಅಂತ ಮನೆಯಲ್ಲಿ ಬೇರೆ ಜಗಳ ಉಂಟು. ಅಕ್ಕ ಹೇಳ್ತಾಳೆ, ಅಚ್ಚ ಬಿಳಿಯೇ ಆಗಬೇಕು, ವಿಕ್ಟೋರಿಯಾ ರಾಣಿ ಶುರು ಮಾಡಿದ ಸಂಪ್ರದಾಯ ಅಂತ.

ಹಳೇ_ಪೆಟ್ಟಿಗೆ:
ಶುರು ಮಾಡಿದ್ದು ರಾಣಿ ಅಲ್ಲ. ಸ್ಕಾಟ್ಲೆಂಡಿನ ಮೇರಿ 1558ರಲ್ಲೇ ಬಿಳಿ ಉಟ್ಟು ಮದುವೆಯಾಗಿದ್ದಳು. ವಿಕ್ಟೋರಿಯಾಳ ಮದುವೆ 1840ರ ಫೆಬ್ರವರಿ 10ಕ್ಕೆ. ರಾಜಮನೆತನದವರು ಬೆಳ್ಳಿ ಜರಿ ಉಡುತ್ತಿದ್ದ ಕಾಲದಲ್ಲಿ ಈಕೆ ಸಾದಾ ಬಿಳಿ ರೇಷ್ಮೆ ಉಟ್ಟಳು. ಚಿತ್ರಗಳು ಎಲ್ಲ ಕಡೆ ಹೋದವು, ಫ್ಯಾಶನ್ ಹಬ್ಬಿತು. ಹಾಗಿದ್ದೂ ಸಾಮಾನ್ಯ ಜನ ಆ ಶತಮಾನದುದ್ದಕ್ಕೂ ಕಂದು, ನೀಲಿ, ಬೂದು ಅಂತ ಬಣ್ಣದ ಒಳ್ಳೆ ಬಟ್ಟೆಯನ್ನೇ ಹೊಲಿಸಿಕೊಂಡು, ಮದುವೆ ಆದಮೇಲೆ ಚರ್ಚಿಗೂ ಹಬ್ಬಕ್ಕೂ ಅದನ್ನೇ ಉಡುತ್ತಿದ್ದರು. ಒಂದೇ ದಿನಕ್ಕೆ ಬಿಳಿ ಬಟ್ಟೆ ಹೊಲಿಸುವುದು ದುಡ್ಡಿದ್ದವರ ಶೋಕಿ. ರಾಣಿಯ ಗೌನ್ ಕೂಡ ಇವತ್ತು ಕೆನೆ ಬಣ್ಣಕ್ಕೇ ಇದೆ, ರೇಷ್ಮೆ ಅಲ್ವಾ. ಕೆನೆ ತೆಗೆಯಿರಿ, ನಮ್ಮವರ ಮೈಬಣ್ಣಕ್ಕೂ ಅದೇ ಚೆಂದ.

ಕಾಮೆಂಟ್_ಕಾಕಾ:
ಲಂಡನ್ನಿನ ಚಳಿಗೆ ಹೊಲಿದದ್ದನ್ನ ಮಂಗಳೂರಲ್ಲಿ ಹಾಕಿ ಹುಡುಗಿ ಮೂರ್ಛೆ ಬಿದ್ರೆ ಪೆಟ್ಟಿಗೆ ಸಾಹೇಬ್ರೇ ಜವಾಬ್ದಾರಿ.

ನಾಟಿಂಗ್‌ಹ್ಯಾಮ್_ಕನ್ನಡತಿ:
ಕಾಕಾ ಹೇಳುವುದರಲ್ಲೂ ಅರ್ಥವಿದೆ. ಕಾಲರ್ ಮತ್ತು ತೋಳಿಗೆ ರೇಷ್ಮೆ ಬೇಡ, ತೆಳು ಕಾಟನ್ ನೆಟ್ ಮೇಲೆ ಲೇಸ್ ಸಾಕು. ಕಂಕುಳಿಗೆ ಬೆವರು ಪ್ಯಾಡ್ ಒಳಗಿನಿಂದ ಟಾಕಿ ಹಾಕಿ, ಆಮೇಲೆ ಬಿಚ್ಚಿ ಬಿಸಾಡಬಹುದು. ಅದನ್ನೂ ಆ ಕಾಲದವರು ಮಾಡುತ್ತಿದ್ದರು.

ಲೇಸ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ನಾನಿರುವ ಊರೇ ಲೇಸಿನ ಊರು. ರಾಣಿ ಮದುವೆಗೆ ತೊಟ್ಟ ಹಾನಿಟನ್ ಲೇಸ್ ಆದದ್ದು ಇಂಗ್ಲೆಂಡಿನ ಡೆವನ್‌ನ ಬಿಯರ್ ಅನ್ನುವ ಕಡಲ ತೀರದ ಹಳ್ಳಿ ಮತ್ತು ಸುತ್ತಮುತ್ತ. ಇನ್ನೂರಕ್ಕೂ ಹೆಚ್ಚು ಹೆಂಗಸರು ತಿಂಗಳುಗಟ್ಟಲೆ ಕೂತು ಮಾಡಿದ್ದು. ಮತ್ತೊಬ್ಬರು ನಕಲು ಮಾಡದ ಹಾಗೆ ಆಮೇಲೆ ನಕ್ಷೆಯನ್ನೇ ನಾಶ ಮಾಡಿದರು. ಆದರೆ ಎಲ್ಲವೂ ಕೈಯದ್ದು ಅಂತ ತಿಳಿಯಬೇಡಿ. ವೇಲ್‌ನ ಹೂಗಳು ಕೈಯಲ್ಲಿ ಮಾಡಿದವು, ಅವನ್ನು ಕೂರಿಸಿದ ನೆಟ್ ಮಾತ್ರ ಯಂತ್ರದ್ದು. ಜಾನ್ ಹೀತ್‌ಕೋಟ್ 1809ರ ಹೊತ್ತಿಗೇ ಅಂಥ ನೆಟ್ ನೇಯುವ ಯಂತ್ರಕ್ಕೆ ಪೇಟೆಂಟ್ ತಗೊಂಡಿದ್ದ. ಹಾಗಾಗಿ ನೀವು ಅಂಗಡಿಯ ನೆಟ್ ತಂದು ಅದರ ಮೇಲೆ ಕೈಯಿಂದ ಲೇಸ್ ಕೂರಿಸಿದರೆ, ಅದು ಮೋಸ ಅಂತ ಯಾರೂ ಹೇಳುವ ಹಾಗಿಲ್ಲ.

ಮಾಡುವ ರೀತಿ: ಉದ್ದ ಲೇಸನ್ನು ಹಾಗೇ ಪಟ್ಟಿಯಾಗಿ ಹೊಲಿಯಬೇಡಿ, ಅಲ್ಲೇ ಅಗ್ಗದ ಕಳೆ ಬರುವುದು. ಹೂವು, ಎಲೆ ಬೇರೆ ಬೇರೆ ಕತ್ತರಿಸಿ. ನೆಟ್ಟನ್ನು ಹುಡುಗಿಯ ಮೈಮೇಲೆ ಅಥವಾ ತುಂಬಿದ ಬ್ಲೌಸಿನ ಮೇಲೆ ಹರಡಿ, ಪಿನ್ನು ಚುಚ್ಚಿ, ಭುಜದ ಜೋಡಣೆ ಇರುವಲ್ಲಿ ಒಂದು ಎಲೆ ಅದರ ಮೇಲೆ ಹಾಯುವಂತೆ ಇಡಿ. ಜೋಡಣೆ ಮಾಯ. ಅಂಚಿಗೆ ಒಂಟಿ ಎಳೆಯಲ್ಲಿ, ಹತ್ತಿರ ಹತ್ತಿರ ಸಣ್ಣ ಹೊಲಿಗೆ. ದಾರ ಜಗ್ಗಿದರೆ ನೆಟ್ ಸುಕ್ಕಾಗುತ್ತದೆ, ಜೋಕೆ.

ಚಿಕ್ಕಪೇಟೆ_ರಾಯ:
ಇಂಗ್ಲೆಂಡಿನಿಂದ ಲೇಸ್ ತರಿಸಿದರೆ ಮದುವೆ ಖರ್ಚೆಲ್ಲ ಅದಕ್ಕೇ ಹೋಗುತ್ತೆ.

ಕುಂದಾಪ್ರ_ಕುವರ:
ನರಸಾಪುರದ್ದು ತರಿಸಿ. ಆಂಧ್ರದ ಗೋದಾವರಿ ಸೀಮೆ. ಅಲ್ಲಿನ ಹೆಂಗಸರು ಕ್ರೋಶಾ ಕಡ್ಡಿಯಲ್ಲಿ ಹಾಕುವ ಕಾಟನ್ ಲೇಸ್, 19ನೇ ಶತಮಾನದಲ್ಲಿ ಮಿಶನರಿಗಳ ಕೈಯಿಂದ ಕಲಿತದ್ದು. ಅಂದರೆ ಸಾಕ್ಷಾತ್ ವಿಕ್ಟೋರಿಯನ್ ಕಾಲದ್ದೇ. ಈಗ ಜಿಐ ಗುರುತು ಕೂಡ ಸಿಕ್ಕಿದೆ.

ನಾಟಿಂಗ್‌ಹ್ಯಾಮ್_ಕನ್ನಡತಿ:
ಇದು ಒಳ್ಳೇ ಸಲಹೆ! ಐರ್ಲೆಂಡಿನಲ್ಲಿ ಬರಗಾಲದ ವರ್ಷಗಳಲ್ಲಿ ಬಡ ಮನೆಗಳ ಹೊಟ್ಟೆ ಹೊರೆದದ್ದೂ ಕ್ರೋಶಾ ಲೇಸೇ. ಆದರೆ ಅದು ದಪ್ಪ, ಭಾರ. ಕಾಲರ್‌ಗೆ, ಕೈಯ ಅಂಚಿಗೆ ಚೆಂದ. ವೇಲ್‌ಗೆ ಬೇಡ, ತಲೆ ಹಿಂದಕ್ಕೆ ಜಗ್ಗುತ್ತದೆ. ಹೊಲಿಯುವ ಮೊದಲು ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಿ, ಕಾಟನ್ ಕುಗ್ಗುತ್ತದೆ.

ಹುಬ್ಬಳ್ಳಿ_ಹುಡುಗಿ:
ವಿಷಯ ಬಿಟ್ಟು ಹೇಳ್ತೀನಿ, ನಮ್ಮ ಮುತ್ತಜ್ಜಿ ಫೋಟೋದಾಗ ಸೀರಿ ಮ್ಯಾಲೆ ಪಫ್ ಕೈ ಕುಪ್ಪಸ, ಕುತಗಿಗೆ ಲೇಸು ಐತಿ. ಅದೂ ವಿಕ್ಟೋರಿಯನ್ನೇ ಏನ್ರಿ ಹಂಗಾದ್ರ?

ಹಳೇ_ಪೆಟ್ಟಿಗೆ:
ಹೌದು. ಸೀರೆಯ ಮೇಲೆ ಅಂಥ ಕುಪ್ಪಸ ಬಂದದ್ದು ಆ ಕಾಲದ ಪ್ರಭಾವದಿಂದಲೇ. ಬಂಗಾಳದಲ್ಲಿ ಠಾಕೂರರ ಮನೆಯ ಜ್ಞಾನದಾನಂದಿನಿ ದೇವಿ ಸೀರೆ, ಕುಪ್ಪಸ, ಒಳಲಂಗದ ಉಡುಗೆಯನ್ನು ಬಳಕೆಗೆ ತಂದರು. ಮೈಸೂರು ಅರಮನೆಯ ಹಳೇ ಚಿತ್ರಗಳಲ್ಲೂ ಪಫ್ ಕೈ ನೋಡಬಹುದು. ಕಾಮೆಂಟ್ ಕಾಕಾ ತಮ್ಮ ಅಜ್ಜಿಯ ಫೋಟೋ ಒಮ್ಮೆ ತೆಗೆದು ನೋಡಲಿ.

ಕಾಮೆಂಟ್_ಕಾಕಾ:
ನೋಡಿದೆ. ಪಫ್ ಕೈ ಇದೆ. ಆದ್ರೂ ನಾನು ಒಪ್ಪಲ್ಲ.

ಬಿಜೈ_ಸೂಜಿ:
😂 ಸರಿ, ಈಗ ಲಂಗ ನಿಲ್ಲಿಸುವುದು ಹೇಳಿ. ಲೆಹೆಂಗಾ ಒಳಗೆ ಹಾಕುವ ಕ್ಯಾನ್‌ಕ್ಯಾನ್ ಸಾಕಾ?

ಮಾಸ್ಟರ್_ಕಟಿಂಗ್:
ಕ್ಯಾನ್‌ಕ್ಯಾನ್ ಹಾಕಿದ್ರೆ ಮೊಣಕಾಲಿನ ಕೆಳಗೆ ಮಾತ್ರ ಉಬ್ಬುತ್ತೆ, ಕಾಲಿಗೆ ಚುಚ್ಚುತ್ತೆ, ಸೆಕೆ ಬೇರೆ.

ಹಳೇ_ಪೆಟ್ಟಿಗೆ:
ಸುಲಭದ ದಾರಿ 1840ರ ದಶಕದ ಹುರಿ ಒಳಲಂಗ. ಕಾಟನ್ ಲಂಗದ ಕೆಳಭಾಗಕ್ಕೆ ಎರಡು ಪದರ ಬಟ್ಟೆ, ನಡುವೆ ಸಾಲುಸಾಲಾಗಿ ಹತ್ತಿಯ ಹುರಿ ಇಟ್ಟು, ಹುರಿಯ ಪಕ್ಕಕ್ಕೇ ಒತ್ತಿ ಹೊಲಿಯುವುದು. ಬುಡದಲ್ಲಿ ಸಾಲು ದಟ್ಟ, ಮೇಲೆ ಹೋಗುತ್ತ ವಿರಳ. ಆಮೇಲೆ ಗಟ್ಟಿ ಗಂಜಿ ಹಾಕಿ ಒಣಗಿಸಿ ಇಸ್ತ್ರಿ. ಅದರ ಮೇಲೆ ಇನ್ನೊಂದು ಸಾದಾ ಒಳಲಂಗ, ಆಮೇಲೆ ಗೌನ್.

ಕುಂದಾಪ್ರ_ಕುವರ:
ಕರಾವಳಿಯಲ್ಲಿ ಗಂಜಿ ಹಾಕಿದ ಬಟ್ಟೆ ಸಂಜೆಗೆ ಮೆತ್ತಗಾಗ್ತದೆ ಸ್ವಾಮಿ. ಉಕ್ಕಿನ ಬಳೆಯೇ ವಾಸಿ. ಒಳಗೆ ಗಾಳಿಯೂ ಆಡ್ತದೆ, ಕಾಲಿಗೆ ಬಟ್ಟೆ ಸುತ್ತಿಕೊಳ್ಳುವುದಿಲ್ಲ. ಆ ಕಾಲದ ಹೆಂಗಸರು ಕ್ರಿನೋಲಿನ್ ಅನ್ನು ಇಷ್ಟಪಟ್ಟದ್ದೇ ಆರೇಳು ಒಳಲಂಗದ ಭಾರ ತಪ್ಪಿತು ಅಂತ.

ನಾಟಿಂಗ್‌ಹ್ಯಾಮ್_ಕನ್ನಡತಿ:
ಕ್ರಿನೋಲಿನ್ ಆದರೆ ಮೇಣದಬತ್ತಿಯ ಹತ್ತಿರ ಹುಷಾರು. ಸುಮ್ಮನೆ ಹೆದರಿಸುತ್ತಿಲ್ಲ. ಉಟ್ಟವರಿಗೆ ತಮ್ಮ ಲಂಗದ ಅಂಚು ಎಲ್ಲಿದೆ ಅಂತಲೇ ತಿಳಿಯದೆ ಬೆಂಕಿ ತಗುಲಿದ್ದು ಎಷ್ಟೋ. ಆಸ್ಕರ್ ವೈಲ್ಡ್‌ನ ಇಬ್ಬರು ಮಲಸಹೋದರಿಯರು 1871ರಲ್ಲಿ ಒಂದು ಔತಣದ ರಾತ್ರಿ ಉಡುಗೆಗೆ ಬೆಂಕಿ ಹತ್ತಿಯೇ ತೀರಿಕೊಂಡರು. ನೈಲಾನ್ ನೆಟ್ ಆದರೆ ಕರಗಿ ಮೈಗೆ ಅಂಟುತ್ತದೆ. ಪೂಜೆಯಲ್ಲಿ ಮೇಣದಬತ್ತಿ ಹಚ್ಚುವ ಕ್ರಮ ಇದ್ದರೆ ಟ್ರೇಲ್ ಹಿಡಿಯುವವರಿಗೆ ಮೊದಲೇ ಹೇಳಿಡಿ.

ಬಿಜೈ_ಸೂಜಿ:
ಇದು ನನಗೆ ಹೊಳೆದೇ ಇರಲಿಲ್ಲ. ದೊಡ್ಡ ಬಳೆ ಬೇಡ ಹಾಗಾದರೆ. ಕೆಳಗೆ ಎರಡು ಮೂರು ಬಳೆ ಸಾಕಲ್ಲ? ಹುಡುಗಿ ಹತ್ರ ಮಾತಾಡಿದೆ. 1850ರ ದಶಕದ ಆಕಾರಕ್ಕೆ ಒಪ್ಪಿದ್ದಾಳೆ, ಪಫ್ ಕೈ ಬಿಡಲಿಕ್ಕೆ ಮಾತ್ರ ತಯಾರಿಲ್ಲ. ಪೆಟ್ಟಿಗೆಯವರು ಕ್ಷಮಿಸಬೇಕು.

ಹಳೇ_ಪೆಟ್ಟಿಗೆ:
ಸಣ್ಣ ಪಫ್ ಆದರೆ ಆ ಕಾಲದ ಸಂಜೆಯ ಉಡುಗೆಗೂ ಇತ್ತು. ಪಫ್ ಮೇಲ್ತೋಳಿಗೆ ನಿಲ್ಲಲಿ, ಅದರ ಕೆಳಗಿಂದ ಲೇಸ್ ತೋಳು ಬರಲಿ. ಬಚಾವ್.

ಮಾಸ್ಟರ್_ಕಟಿಂಗ್:
ತೋಳಿನ ವಿಷಯ ಒಂದು ಎಚ್ಚರಿಕೆ. ಹಳೇ ಚಿತ್ರ ನೋಡಿ ಇಳಿಭುಜ ಕತ್ತರಿಸಿದ್ರೆ ಕೈ ಮೇಲೆತ್ತಕ್ಕಾಗಲ್ಲ. ಆ ಕಾಲದ ದೊಡ್ಡ ಮನೆ ಹೆಂಗಸರಿಗೆ ಕೈ ಎತ್ತೋ ಕೆಲಸ ಇರಲಿಲ್ಲ, ನಿಮ್ಮ ಹುಡುಗಿ ಕೇಕ್ ಕತ್ತರಿಸ್ಬೇಕು, ಡಾನ್ಸ್ ಮಾಡ್ಬೇಕು. ಭುಜ ಅರ್ಧ ಇಂಚು ಮಾತ್ರ ಇಳಿಸಿ, ಕಂಕುಳಲ್ಲಿ ಒಂದು ಹೆಚ್ಚುವರಿ ತುಂಡು ಹಾಕಿ. ಕೋರಾ ಬಟ್ಟೆಯಲ್ಲೇ ಎರಡೂ ಕೈ ಮೇಲೆತ್ತಿಸಿ ನೋಡಿ.

ಇನ್ನೊಂದು, ಲಂಗದ ನೆರಿಗೆ. ನಾಲ್ಕೂವರೆ ಮೀಟರ್ ಸುತ್ತಳತೆಯನ್ನ 28 ಇಂಚಿನ ಸೊಂಟಕ್ಕೆ ತರ್ಬೇಕಲ್ಲ, ಮಿಷಿನ್‌ನಲ್ಲಿ ದಾರ ಎಳೆದು ಚುಣ್ಣಟೆ ಮಾಡಿದ್ರೆ ಸೊಂಟ ದಪ್ಪ ಕಾಣುತ್ತೆ. ಮೇಲಿನ ಅಂಚು ಒಳಗೆ ಮಡಚಿ, ಎರಡು ಸಾಲು ದೊಡ್ಡ ಕೈ ಹೊಲಿಗೆ, ಒಂದರ ಕೆಳಗೆ ಒಂದು ನೇರಕ್ಕೆ ಬರೋ ಹಾಗೆ ಹಾಕಿ. ಎರಡೂ ದಾರ ಒಟ್ಟಿಗೆ ಎಳೀರಿ. ಬಟ್ಟೆ ಕೊಳವೆ ಕೊಳವೆಯಾಗಿ ನಿಂತ್ಕೊಳ್ಳುತ್ತೆ. ಪ್ರತಿ ಕೊಳವೆಯ ತುದಿಯನ್ನ ಮಾತ್ರ ಸೊಂಟದ ಪಟ್ಟಿಗೆ ಎರಡೆರಡು ಟಾಕಿ ಹಾಕಿ. ಆಗ ಲಂಗ ಸೊಂಟದಿಂದಲೇ ಹೊರಗೆ ಚಿಮ್ಮುತ್ತೆ. ಅರ್ಧ ಆಕಾರ ಇದರಿಂದಲೇ ಬರೋದು, ಬಳೆ ಕಮ್ಮಿ ಸಾಕು. ಕೈ ನೋವಾಗುತ್ತೆ, ಗಟ್ಟಿ ದಾರಕ್ಕೆ ಮೇಣ ಉಜ್ಜಿಕೊಳ್ಳಿ.

ಹುಬ್ಬಳ್ಳಿ_ಹುಡುಗಿ:
ಮಾಸ್ತರ, ನಿಮ್ಮ ಅಂಗಡಿಗೇ ಕೊಟ್ಟಬಿಟ್ರ ಎಷ್ಟಾಗ್ತದ?

ಮಾಸ್ಟರ್_ಕಟಿಂಗ್:
ಇಲ್ಲಿ ರೇಟ್ ಹೇಳಲ್ಲ ತಾಯಿ, ಹೇಳಿದ್ರೆ ಕಾಕಾ ಬಿಡಲ್ಲ.

ಚಿಕ್ಕಪೇಟೆ_ರಾಯ:
ಇಷ್ಟೆಲ್ಲ ಕೈಯಲ್ಲಿ ಯಾಕೆ? ವಿಕ್ಟೋರಿಯನ್ ಕಾಲದಲ್ಲೇ ಹೊಲಿಗೆ ಯಂತ್ರ ಇತ್ತಲ್ಲ, ಸಿಂಗರ್ ಪೇಟೆಂಟ್ ಪಡೆದದ್ದು 1851ರಲ್ಲಿ.

ಬಿಜೈ_ಸೂಜಿ:
ಉದ್ದ ಹೊಲಿಗೆಗಳೆಲ್ಲ ಯಂತ್ರದಲ್ಲೇ ರಾಯ್ರೆ. ನನ್ನದು ಅಮ್ಮನ ಕಾಲದ ಕಾಲು ಮಿಷಿನ್, ರೇಷ್ಮೆಗೆ ಅದೇ ಹಿತ, ನಿಧಾನಕ್ಕೆ ಹೋಗ್ತದೆ. ನೆರಿಗೆ, ಲೇಸ್, ಕುಣಿಕೆ ಮಾತ್ರ ಕೈ.

ಇನ್ನೊಂದು ಸಂಶಯ: ಮದುವೆ ಮುಗಿದ ಮೇಲೆ ಇದನ್ನು ಎಂತ ಮಾಡುವುದು? ಪೆಟ್ಟಿಗೆಯಲ್ಲಿ ಇಟ್ಟರೆ ಮಳೆಗಾಲದಲ್ಲಿ ಬೂಸ್ಟು ಬರ್ತದೆ.

ನಾಟಿಂಗ್‌ಹ್ಯಾಮ್_ಕನ್ನಡತಿ:
ಲೇಸನ್ನು ಬಿಚ್ಚಲು ಬರುವ ಹಾಗೆ ಟಾಕಿ ಹಾಕಿ. ರಾಣಿಯೂ ಅದನ್ನೇ ಮಾಡಿದ್ದು. ಮದುವೆಯ ಲೇಸನ್ನು ಆಮೇಲೆ ಎಷ್ಟೋ ಸಮಾರಂಭಕ್ಕೆ ಬೇರೆ ಉಡುಗೆಯ ಮೇಲೆ ತೊಟ್ಟಳು, ಕಿರಿಮಗಳು ಬಿಯಾಟ್ರಿಸ್ 1885ರಲ್ಲಿ ತನ್ನ ಮದುವೆಗೆ ಅದನ್ನೇ ಹಾಕಿಕೊಂಡಳು. ನಿಮ್ಮ ಲೇಸ್ ಮುಂದೆ ಮಗುವಿನ ನಾಮಕರಣದ ಉಡುಪಿಗೆ ಬರುತ್ತದೆ. ಗೌನನ್ನು ಹಳೇ ಬಿಳಿ ಕಾಟನ್ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಸಕ್ಕರೆ, ಜ್ಯೂಸ್, ವೈನ್ ಕಲೆ ಆಗ ಕಾಣದಿದ್ದರೂ ಆಮೇಲೆ ಹಳದಿಯಾಗುತ್ತದೆ. ಒಗೆಸಿಯೇ ಇಡಿ.

ಕುಂದಾಪ್ರ_ಕುವರ:
ಎಲ್ಲ ಸರಿ, ಬಳೆ ಲಂಗ ಹಾಕಿ ಕಾರಿನಲ್ಲಿ ಕೂರುವುದು ಹೇಗೆ ಅಂತ ಯಾರಾದರೂ ಯೋಚಿಸಿದ್ದೀರಾ?

ಮಾಸ್ಟರ್_ಕಟಿಂಗ್:
ಕೂರೋ ಮುಂಚೆ ಹಿಂದಿನ ಬಳೆಗಳನ್ನ ಬಟ್ಟೆ ಮೇಲಿಂದಲೇ ಹಿಡಿದು ಸೊಂಟದವರೆಗೆ ಎತ್ತಿ, ಒಳಲಂಗದ ಮೇಲೆ ಕೂರಬೇಕು. ಬಳೆ ಮೇಲೇ ಕೂತ್ರೆ ಮುಂದಿನ ಭಾಗ ಮುಖಕ್ಕೆ ಬರುತ್ತೆ. ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟು ನಾಲ್ಕು ಸಲ ಅಭ್ಯಾಸ ಮಾಡಿಸಿ. ಹಾಗೇ ಸಣ್ಣ ಕಾರು ಬೇಡ, ಇನ್ನೋವಾ ಹೇಳಿ, ನಡುವಿನ ಸೀಟು ಖಾಲಿ ಬಿಡಿ.

ಕಾಮೆಂಟ್_ಕಾಕಾ:
ನಮ್ಮ ಅಳಿಯನ ಹತ್ರ ಇನ್ನೋವಾ ಇದೆ, ಬಿಳಿ ಬಣ್ಣದ್ದು. ಬೇಕಿದ್ರೆ ಮೆಸೇಜ್ ಹಾಕಿ.